ಹೆಣ್ಣು ಕೇಳುವ ಹಾದಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ದಾರಿ. ಭದ್ರೆಯ ದಡದಲ್ಲಿ ಬಸ್ಸು ಹತ್ತಿದವರು ಒಂದು ಕಿರುನಿದ್ದೆ ಮುಗಿಸುವಷ್ಟರಲ್ಲಿ ತುಂಗೆಯ ಸೇತುವೆ ಬಂದುಬಿಡುತ್ತದೆ. ಕಚೇರಿಗೆ ಹೋಗುವವರು, ಸಹ್ಯಾದ್ರಿ ಕಾಲೇಜಿನ ಹುಡುಗರು, ಮೆಗ್ಗಾನ್ ಆಸ್ಪತ್ರೆಗೆ ಹೊರಟ ರೋಗಿಗಳು, ಗಾಂಧಿ ಬಜಾರಿನಲ್ಲಿ ಜವಳಿ ಕೊಳ್ಳಲು ಹೊರಟ ಸಂಸಾರಗಳು ಈ ಬಸ್ಸುಗಳಲ್ಲಿ ದಿನವೂ ಕಾಣುವ ಮುಖಗಳು. ಇವರ ನಡುವೆ ಯಾವುದಾದರೊಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗ, ಅವನ ಪಕ್ಕದಲ್ಲಿ ಸೋದರಮಾವ, ಮಾವನ ತೊಡೆಯ ಮೇಲೆ ಹೂವು ಹಣ್ಣಿನ ಚೀಲ ಕಂಡರೆ ಯಾರೂ ವಿವರಣೆ ಕೇಳುವುದಿಲ್ಲ. ಹೆಣ್ಣು ಕೇಳಲು ಹೊರಟಿದ್ದಾರೆ, ಅಷ್ಟೆ.

ಹೆಣ್ಣು ಕೇಳುವುದು! ಈ ಮಾತನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಕನ್ನಡದಲ್ಲಿ ಹೆಣ್ಣು ಕೇಳುವುದು ಎಂದರೆ ಹೆಣ್ಣನ್ನು ಕೇಳುವುದಲ್ಲ. ಹೆಣ್ಣಿನ ಮನೆಯವರನ್ನು ಕೇಳುವುದು. ಎರಡು ಮಾತಿಗೂ ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯ ಮಾತ್ರ. ಆದರೆ ಆ ಪ್ರತ್ಯಯವನ್ನು ದಾಟಲು ನಮ್ಮ ಸಮಾಜಕ್ಕೆ ತಲೆಮಾರುಗಳೇ ಬೇಕಾದವು. ಇನ್ನೂ ಪೂರ್ತಿ ದಾಟಿದೆ ಎನ್ನುವಂತಿಲ್ಲ.

ಈಗ ಬಸ್ಸಿನಲ್ಲಿ ಕೂತ ಹುಡುಗ ಹುಡುಗಿಯನ್ನು ಆಗಲೇ ಕೇಳಿರಬಹುದು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿನಲ್ಲೋ, ಕಂಪ್ಯೂಟರ್ ತರಗತಿಯಲ್ಲೋ, ಒಂದೇ ಕಚೇರಿಯ ಎದುರುಬದುರು ಮೇಜುಗಳಲ್ಲೋ ಅವರಿಬ್ಬರ ಮಾತು ಮುಗಿದಿರುತ್ತದೆ. ಉಳಿದಿರುವುದು ಹಿರಿಯರ ಮಾತು. ಹಾಗಿದ್ದ ಮೇಲೆ ಅವನು ಕೇಳಲು ಹೊರಟಿರುವುದು ಅಪ್ಪಣೆಯನ್ನೋ, ಆಶೀರ್ವಾದವನ್ನೋ? ಪ್ರಶ್ನೆ ಸಣ್ಣದಲ್ಲ. ಅಪ್ಪಣೆ ಎಂದರೆ, ಕೊಡದಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕು. ಆಶೀರ್ವಾದವಾದರೆ, ಸಿಗದಿದ್ದರೂ ಬದುಕು ಮುಂದುವರಿಯಬಹುದು. ಈ ಎರಡು ಊರುಗಳ ಚರಿತ್ರೆಯಲ್ಲಿ ಎರಡಕ್ಕೂ ಜಾಗವಿದೆ.

ಒಡೆಯರ ಕಾಲ

ತುಂಗಾ ತೀರದ ಮಲೆನಾಡಿನಲ್ಲಿ ಒಂದು ಕಾಲಕ್ಕೆ ಅಪ್ಪಣೆ ಕೊಡುವವರು ಅಪ್ಪ ಅಮ್ಮ ಮಾತ್ರ ಆಗಿರಲಿಲ್ಲ. ಜೀತದಾಳಿನ ಮದುವೆಗೆ ಒಡೆಯನ ಮಾತು ಬೇಕಿತ್ತು. ಆಳಿನ ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಒಡೆಯನಿಗೆ ದುಡಿಯುವ ಎರಡು ಕೈ ಕಡಿಮೆಯಾದಂತೆ. ಹಲವು ಸಮುದಾಯಗಳಲ್ಲಿ ಗಂಡಿನವರು ಹೆಣ್ಣಿನವರಿಗೆ ‘ತೆರ’ ಕೊಡಬೇಕಿತ್ತು. ಆ ತೆರಕ್ಕಾಗಿ ಮಾಡಿದ ಸಾಲವೂ ಒಡೆಯನ ಬಳಿಯೇ ಇರುತ್ತಿದ್ದುದುಂಟು. ಹೀಗೆ ಮದುವೆಯೊಂದು ಬದುಕಿಗೆ ಬಾಗಿಲು ತೆರೆದರೆ ಸಾಲಕ್ಕೂ ಬಾಗಿಲು ತೆರೆಯುತ್ತಿತ್ತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದದ್ದು 1967ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದರ ಲೋಕ. ಆ ದೊಡ್ಡ ಕಾದಂಬರಿಯ ಮುಖ್ಯ ಕಥೆಗಳೆಲ್ಲ ಒಂದು ರೀತಿಯಲ್ಲಿ ಅಪ್ಪಣೆಯ ಕಥೆಗಳೇ. ಸಿಂಬಾವಿಯ ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡೇ ಹೋಗಬೇಕಾಗುತ್ತದೆ. ಕೇಳಿದರೆ ಕೊಡುವ ಒಡೆಯ ಅಲ್ಲಿಲ್ಲ. ಹೂವಳ್ಳಿಯ ಚಿನ್ನಮ್ಮನ ಮದುವೆಯನ್ನು ಅಪ್ಪ ಒಪ್ಪಿಬಿಟ್ಟಿದ್ದಾನೆ, ಅವಳನ್ನು ಮಾತ್ರ ಯಾರೂ ಕೇಳಿಲ್ಲ. ಮದುವೆಯ ರಾತ್ರಿ ಕತ್ತಲೆಯ ಕಾಡಿಗೆ ಇಳಿದು ಹೋಗುವುದೊಂದೇ ಅವಳು ಕೊಡಬಹುದಾದ ಉತ್ತರ. ಕೇಳದೆ ಹೋದ ಪ್ರಶ್ನೆಗೆ ಕಾಲೇ ಉತ್ತರ ಹೇಳಿತು ಎನ್ನಬೇಕು.

ಈ ಒಡೆತನ ಒಂದೇ ದಿನದಲ್ಲಿ ಸಡಿಲವಾಗಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭೂಮಾಲೀಕರ ಎದುರು ಸತ್ಯಾಗ್ರಹಕ್ಕೆ ನಿಂತರು. 1974ರಲ್ಲಿ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಉಳುವವನು ಹೊಲದೊಡೆಯನಾದ. ಈ ಹೋರಾಟ ನಡೆದದ್ದು ಭೂಮಿಗಾಗಿ, ಮದುವೆಗಾಗಿ ಅಲ್ಲ. ಆದರೆ ಹೊಲ ತನ್ನದಾದವನ ಮಗಳ ಮದುವೆಯಲ್ಲಿ ಭೂಮಾಲೀಕನ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಅಪ್ಪಣೆಯ ಅಧಿಕಾರ ದೊಡ್ಡಮನೆಯ ಜಗುಲಿಯಿಂದ ಇಳಿದು ಅವರವರ ಮನೆಯ ಜಗುಲಿಗೆ ಬಂತು.

ಬೆಂಕಿಪುರದ ಸಂಬಂಧಗಳು

ಇತ್ತ ಭದ್ರೆಯ ದಡದ ಕಥೆಯೇ ಬೇರೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಲ್ಲಿ ಕರಗಿಸುವ ಮೈಸೂರು ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಹಳೆಯ ಹೆಸರಿಗೂ ಹೊಸ ಅರ್ಥ ಬಂದಂತಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕೂಸು ಇದು; ಮುಂದೆ ಅವರ ಹೆಸರನ್ನೇ ಹೊತ್ತಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಊರು ಹಳೇನಗರ, ನ್ಯೂಟೌನ್, ಪೇಪರ್‌ಟೌನ್ ಎಂದು ಹಂಚಿಹೋಯಿತು.

ಕಾರ್ಖಾನೆ ಎಂದ ಮೇಲೆ ಕೆಲಸಗಾರರು ಎಲ್ಲೆಲ್ಲಿಂದಲೋ ಬರುತ್ತಾರೆ. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಸಂಸಾರಗಳು ಕನ್ನಡದ ಸಂಸಾರಗಳ ಪಕ್ಕದ ಕ್ವಾರ್ಟರ್ಸಿಗೆ ಬಂದವು. ಒಂದೇ ಸೈರನ್ನಿಗೆ ಏಳುವುದು, ಒಂದೇ ಪಾಳಿಗೆ ಹೋಗುವುದು, ಒಂದೇ ಮೈದಾನದಲ್ಲಿ ಮಕ್ಕಳು ಆಡುವುದು. ಊರಿನಲ್ಲಾದರೆ ಜಾತಿಗೊಂದು ಕೇರಿ. ಕ್ವಾರ್ಟರ್ಸಿನಲ್ಲಿ ಮನೆ ಸಿಗುವುದು ಹುದ್ದೆಯ ಲೆಕ್ಕದಲ್ಲಿ. ಹೀಗೆ ಗೋಡೆ ಹಂಚಿಕೊಂಡ ಮನೆಗಳ ಮಕ್ಕಳು ಬೆಳೆದು ಒಬ್ಬರನ್ನೊಬ್ಬರು ಮೆಚ್ಚಿದರೆ ಆಶ್ಚರ್ಯವೇನು? ಹಬ್ಬದ ಪಾಯಸ ಬಟ್ಟಲಲ್ಲಿ ಗೋಡೆ ದಾಟಿದಷ್ಟು ಸುಲಭವಾಗಿ ಮದುವೆಯ ಮಾತು ದಾಟಲಿಲ್ಲ ಎಂಬುದು ನಿಜ. ಪಕ್ಕದ ಮನೆಯವರು ಒಳ್ಳೆಯ ನೆರೆಯವರಾಗಿದ್ದಷ್ಟು ಹೊತ್ತು ಒಳ್ಳೆಯವರು; ಬೀಗರಾಗುವ ಮಾತು ಬಂದಾಗ ಕುಲ, ಗೋತ್ರ, ಭಾಷೆ ಎಲ್ಲವೂ ನೆನಪಾಗುತ್ತವೆ.

ಆದರೂ ಭದ್ರಾವತಿಯ ಗಂಡಿಗೆ ಒಂದು ಬಲವಿತ್ತು. ‘ಹುಡುಗ ಏನು ಮಾಡಿಕೊಂಡಿದ್ದಾನೆ?’ ಎಂಬುದು ಹೆಣ್ಣಿನ ತಂದೆಯ ಮೊದಲ ಪ್ರಶ್ನೆ. ‘ಫ್ಯಾಕ್ಟರಿಯಲ್ಲಿ ಪರ್ಮನೆಂಟು’ ಎಂಬುದು ಉತ್ತರ. ಆ ಒಂದು ಶಬ್ದದೊಳಗೆ ತಿಂಗಳ ಸಂಬಳ, ಕ್ವಾರ್ಟರ್ಸಿನ ಮನೆ, ಕಂಪನಿ ಆಸ್ಪತ್ರೆ, ಮಕ್ಕಳ ಶಾಲೆ, ಕೊನೆಗೆ ಭವಿಷ್ಯನಿಧಿ ಎಲ್ಲವೂ ಅಡಗಿದ್ದವು. ಜಾತಕ ನೋಡುವುದಕ್ಕಿಂತ ಮೊದಲು ಟೋಕನ್ ನಂಬರ್ ನೋಡುವ ತಂದೆಯರಿದ್ದ ಕಾಲ ಅದು ಎಂದರೆ ಹಾಸ್ಯವಾದೀತು, ಸುಳ್ಳಾಗಲಾರದು. ಭಾಷೆ ಬೇರೆಯಾದರೂ ಕಾರ್ಖಾನೆ ಒಂದೇ ಆಗಿದ್ದರೆ ಬಿಗಿದ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಹುಡುಗನ ಪರವಾಗಿ ಮಾತಾಡಲು ಅನೇಕ ವೇಳೆ ಹಿರಿಯ ಮೇಸ್ತ್ರಿಯೋ ಯೂನಿಯನ್ ಮುಖಂಡರೋ ಹೊರಡುತ್ತಿದ್ದರು. ಸಂಬಳದ ಮಾತುಕತೆಯಲ್ಲಿ ಪಳಗಿದವರಿಗೆ ಸಂಬಂಧದ ಮಾತುಕತೆ ಅಷ್ಟೇನೂ ಹೊಸದಲ್ಲವಲ್ಲ!

ಜಗಲಿಯಲ್ಲಿ ನಡೆಯುವುದು

ಬಿ.ಎಚ್. ರಸ್ತೆಯಲ್ಲಿ ಬಸ್ಸು ಮಾಚೇನಹಳ್ಳಿ, ನಿದಿಗೆ ದಾಟಿ ವಿದ್ಯಾನಗರಕ್ಕೆ ಬರುತ್ತದೆ. ಸೇತುವೆಯ ಆಚೆ ಹಳೆಯ ಶಿವಮೊಗ್ಗ. ಕೋಟೆಯ ಆಂಜನೇಯ, ಶಿವಪ್ಪನಾಯಕನ ಅರಮನೆ, ದುರ್ಗಿಗುಡಿಯ ಅಂಗಡಿ ಸಾಲು. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರೂ ಅಧಿಕೃತವಾಗಿ ಶಿವಮೊಗ್ಗವೇ ಆಯಿತು. ಊರು ಎಷ್ಟೇ ಬೆಳೆದರೂ ಹೆಣ್ಣು ಕೇಳುವ ಕ್ರಮ ಮಾತ್ರ ಹೆಚ್ಚು ಬದಲಾದಂತಿಲ್ಲ.

ಬಂದವರು ನೇರವಾಗಿ ವಿಷಯಕ್ಕೆ ಬರುವಂತಿಲ್ಲ. ಮೊದಲು ನೀರು, ಆಮೇಲೆ ಮಳೆ ಬೆಳೆ, ಅಡಿಕೆಯ ಧಾರಣೆ. ‘ನಿಮ್ಮ ಕಡೆ ಕೊಳೆರೋಗ ಹೇಗಿದೆ?’ ಎಂಬ ಪ್ರಶ್ನೆಗೆ ಉತ್ತರ ಮುಗಿಯುವ ಹೊತ್ತಿಗೆ ಉಪ್ಪಿಟ್ಟು, ಕೇಸರಿಭಾತು ಬರುತ್ತದೆ. ಕಾಫಿಯ ಲೋಟ ಕೈಗೆ ಬಂದ ಮೇಲೆ ಸೋದರಮಾವ ಗಂಟಲು ಸರಿಮಾಡಿಕೊಳ್ಳುತ್ತಾನೆ. ಹೆಣ್ಣಿನ ತಂದೆಗೆ ಇದೆಲ್ಲ ಗೊತ್ತೇ ಇರುತ್ತದೆ. ಅಡುಗೆಮನೆಯ ಬಾಗಿಲ ಹಿಂದೆ ನಿಂತ ತಾಯಿಗೆ ತಂದೆಗಿಂತ ಮೊದಲೇ ಗೊತ್ತಾಗಿರುತ್ತದೆ. ಹಾಗಿದ್ದರೂ ಯಾರೋ ಕೇಳಬೇಕು, ಯಾರೋ ಹೇಳಬೇಕು.

ಉತ್ತರ ಕೂಡಲೇ ಸಿಗುವುದು ಅಪರೂಪ. ‘ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ’ ಎಂಬ ವಾಕ್ಯಕ್ಕೆ ಹತ್ತು ಅರ್ಥಗಳುಂಟು. ಒಲ್ಲೆ ಎನ್ನುವುದನ್ನು ನಯವಾಗಿ ಹೇಳಲು ಜಾತಕ ಬಹಳ ಉಪಯೋಗಕ್ಕೆ ಬರುತ್ತದೆ. ಪಾಪ, ಗ್ರಹಗಳಿಗೆ ಎದುರು ಮಾತಾಡುವ ಬಾಯಿಲ್ಲ. ಒಪ್ಪಿದರೆ ಮುಂದೆ ವೀಳ್ಯಶಾಸ್ತ್ರ, ನಿಶ್ಚಿತಾರ್ಥ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇರುವ ನಾಡಿನಲ್ಲಿ, ಮೆಚ್ಚಿ ಬಂದ ಹುಡುಗನಿಗೆ ಇರುವ ದೊಡ್ಡ ಅನುಕೂಲವೆಂದರೆ ಅವನು ಸುಳ್ಳು ಹೇಳುವಂತಿಲ್ಲ. ಅವನ ಸಂಬಳ, ಸಾಲ, ಸಿಟ್ಟು ಎಲ್ಲವೂ ಹುಡುಗಿಗೆ ಮೊದಲೇ ಗೊತ್ತು.

ಉತ್ತರ ‘ಇಲ್ಲ’ ಎಂದಾದರೆ? ಅಲ್ಲಿಂದ ಮುಂದಿನದು ಜಗಲಿಯಲ್ಲಿ ಕಾಣುವುದಿಲ್ಲ. ಹುಡುಗ ಮುಂದಿನ ಬಸ್ಸಿನಲ್ಲಿ ಊರಿಗೆ ಮರಳುತ್ತಾನೆ. ಹುಡುಗಿ ಅದೇ ಮನೆಯಲ್ಲಿ ಉಳಿಯುತ್ತಾಳೆ. ಮೊಬೈಲ್ ಕಸಿದುಕೊಳ್ಳುವುದು, ಕಾಲೇಜು ಬಿಡಿಸುವುದು, ದೂರದ ನೆಂಟರ ಮನೆಗೆ ಕಳಿಸುವುದು, ತಿಂಗಳೊಳಗೆ ಬೇರೆ ಗಂಡು ಹುಡುಕಿ ಧಾರೆ ಎರೆಯುವುದು, ಇವು ನಮ್ಮ ಊರುಕೇರಿಗಳಲ್ಲಿ ನಡೆಯದ ಸಂಗತಿಗಳೇನಲ್ಲ. ಕೇಳಲು ಹೋದವನು ಅವಮಾನ ಹೊತ್ತು ಬರಬಹುದು. ಆದರೆ ಆ ಉತ್ತರದ ಬೆಲೆ ತೆರುವವಳು ಅವಳು. ಆದ್ದರಿಂದ ಯಾವಾಗ ಕೇಳಬೇಕು, ಯಾರ ಮೂಲಕ ಕೇಳಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕೂ ಅವಳದೇ ಆಗಿರಬೇಕು.

ಕಾಯಿದೆ ಏನನ್ನುತ್ತದೆ?

ಕಾಯಿದೆಯೂ ಈ ದಾರಿಯಲ್ಲಿ ನಿಧಾನವಾಗಿಯೇ ನಡೆದು ಬಂದಿದೆ. 1955ರ ಹಿಂದೂ ವಿವಾಹ ಕಾಯಿದೆ ಬಂದಾಗ ವಧುವಿಗೆ 15, ವರನಿಗೆ 18 ವರ್ಷ ತುಂಬಿದ್ದರೆ ಸಾಕಿತ್ತು. ವಧುವಿಗೆ 18 ತುಂಬಿರದಿದ್ದರೆ ಪೋಷಕರ ಒಪ್ಪಿಗೆ ಬೇಕಿತ್ತು. ಆ ಪೋಷಕರ ಪಟ್ಟಿಯಲ್ಲಿ ಮೊದಲು ತಂದೆ, ಆಮೇಲೆ ತಾಯಿ. 1978ರ ತಿದ್ದುಪಡಿ ವಧುವಿನ ವಯಸ್ಸನ್ನು 18ಕ್ಕೆ, ವರನದನ್ನು 21ಕ್ಕೆ ಏರಿಸಿತು. ಅದರೊಂದಿಗೆ ಪೋಷಕರ ಒಪ್ಪಿಗೆಯ ಕಲಮೇ ಕಾಯಿದೆಯಿಂದ ಹೊರಬಿತ್ತು. ಬೇರೆ ಬೇರೆ ಧರ್ಮದವರು ಮದುವೆಯಾಗಲು ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯಿದೆಯೂ ಹೆತ್ತವರ ಸಹಿ ಕೇಳುವುದಿಲ್ಲ. ಆದರೆ 30 ದಿನಗಳ ಮುಂಗಡ ನೋಟಿಸು ಬೇಕು, ಅದನ್ನು ಕಚೇರಿಯಲ್ಲಿ ಪ್ರಕಟಿಸಬೇಕು. ಚಿಕ್ಕ ಊರಿನಲ್ಲಿ ಸರ್ಕಾರಿ ಕಚೇರಿಯ ಗೋಡೆಯ ಮೇಲಿನ ಕಾಗದ ಮನೆ ತಲುಪಲು ಅಂಚೆಯಣ್ಣನ ಅಗತ್ಯವಿಲ್ಲ.

ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಮಾತನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಬೆಳಗಾವಿ ಕಡೆಯ ಉಪನ್ಯಾಸಕಿಯೊಬ್ಬರು ತಾವು ಮೆಚ್ಚಿದವರನ್ನು ಮದುವೆಯಾಗಿದ್ದರು. ಮನೆಯವರು ದೂರು ಕೊಟ್ಟಿದ್ದರು. ಠಾಣೆಗೆ ಬಂದು ಹೇಳಿಕೆ ಕೊಡಿ ಎಂದು ಪೊಲೀಸರು ಒತ್ತಾಯಿಸಿದ್ದರು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ಇಂಥ ಪ್ರಕರಣಗಳನ್ನು ಸೂಕ್ಷ್ಮವಾಗಿ ನಿಭಾಯಿಸಲು ಪೊಲೀಸರಿಗೆ ಮಾರ್ಗಸೂಚಿ, ತರಬೇತಿ ಅಗತ್ಯ ಎಂದೂ ಹೇಳಿತು.

ಇದು ನಮ್ಮೊಬ್ಬರ ತಕರಾರಲ್ಲ. ಇಂಗ್ಲೆಂಡಿನಲ್ಲಿ 1753ರ ಕಾಯಿದೆ 21 ವರ್ಷದೊಳಗಿನವರ ಮದುವೆಗೆ ಹೆತ್ತವರ ಒಪ್ಪಿಗೆಯನ್ನು ಬಿಗಿಗೊಳಿಸಿದಾಗ, ಅಲ್ಲಿನ ಪ್ರೇಮಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡತೊಡಗಿದರು. ಅಲ್ಲಿ ಸಾಕ್ಷಿಗಳೆದುರು ಮಾತು ಕೊಟ್ಟರೆ ಮದುವೆ. ಕಮ್ಮಾರನ ಅಡಿಗಲ್ಲೇ ಹಸೆಮಣೆ. ಫ್ರಾನ್ಸಿನಲ್ಲಿ ನೆಪೋಲಿಯನ್ನನ 1804ರ ಸಂಹಿತೆ ಇನ್ನೊಂದು ಜಾಣತನ ಮಾಡಿತು. ಗಂಡಿಗೆ 25, ಹೆಣ್ಣಿಗೆ 21 ವರ್ಷ ಆಗುವ ತನಕ ಒಪ್ಪಿಗೆ ಬೇಕೇ ಬೇಕು. ಆ ವಯಸ್ಸು ದಾಟಿದವರು ಹೆತ್ತವರನ್ನು ವಿಧಿವತ್ತಾಗಿ, ಗೌರವದಿಂದ ಕೇಳಲೇಬೇಕು. ಆದರೆ ಪದೇ ಪದೇ ಕೇಳಿಯೂ ಅವರು ಒಲ್ಲೆ ಎಂದರೆ ಮದುವೆ ನಿಲ್ಲುವುದಿಲ್ಲ. ಕೇಳುವುದು ಮಕ್ಕಳ ಕರ್ತವ್ಯ, ತಡೆಯುವುದು ಹೆತ್ತವರ ಹಕ್ಕಲ್ಲ ಎಂಬ ಈ ವಿವೇಕವನ್ನು ಕಾಯಿದೆಯಲ್ಲಿ ಬರೆಯಬೇಕಾಗಿಲ್ಲ. ಮನೆಗಳಲ್ಲಿ ಪಾಲಿಸಿದರೂ ಸಾಕು.

ಕುಪ್ಪಳಿಯ ಮಾರ್ಗ

ಜಿಲ್ಲೆಯ ಒಳಗೇ ಇದಕ್ಕೊಂದು ಮಾದರಿ ಸಿಗುತ್ತದೆ. ಶಿವಮೊಗ್ಗದಿಂದ ತುಂಗೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ. ಅಲ್ಲಿಂದ ಮುಂದೆ ಕುಪ್ಪಳಿ. 1966ರ ನವೆಂಬರಿನಲ್ಲಿ ಅಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆಯಿತು. ಇಬ್ಬರೂ ಮೈಸೂರಿನಲ್ಲಿ ಓದುವಾಗ ಪರಿಚಯವಾಗಿ ಮೆಚ್ಚಿಕೊಂಡವರು. ಕುವೆಂಪು ಅವರು ಮಗನಿಗಾಗಿ ಮಂತ್ರಮಾಂಗಲ್ಯದ ಸರಳ ವಿಧಿಯನ್ನು ಬಳಕೆಗೆ ತಂದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಮುಹೂರ್ತದ ಗೊಡವೆಯಿಲ್ಲ, ಸಾಲ ಮಾಡಿ ಊಟ ಹಾಕುವ ದಂಡನೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣನ್ನು ಒಬ್ಬರು ಕೊಡುವ ಇನ್ನೊಬ್ಬರು ಪಡೆಯುವ ಮಾತಿಲ್ಲ. ಗಂಡು ಹೆಣ್ಣು ಇಬ್ಬರೂ ಬಂಧುಮಿತ್ರರ ಎದುರು ತಮ್ಮ ಒಪ್ಪಿಗೆಯನ್ನು ತಾವೇ ಹೇಳಿಕೊಳ್ಳುತ್ತಾರೆ. ಹಿರಿಯರು ಹರಸುತ್ತಾರೆ, ಸಾಕ್ಷಿಯಾಗುತ್ತಾರೆ.

ಇದಕ್ಕೆ ಹತ್ತು ವರ್ಷ ಮೊದಲು, 1956ರಲ್ಲಿ, ಅದೇ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಅವರು ಕ್ರೈಸ್ತ ಕುಟುಂಬದ ಎಸ್ತರ್ ಅವರನ್ನು ಮದುವೆಯಾಗಿದ್ದರು. ದೊಡ್ಡವರ ಮಾತು ಬಿಡಿ ಎನ್ನಬಹುದು. ಆದರೆ ಕುಪ್ಪಳಿಯಲ್ಲಿ ಇಂದಿಗೂ ಮಂತ್ರಮಾಂಗಲ್ಯದ ಮದುವೆಗಳು ನಡೆಯುತ್ತವೆ. ಬರುವವರೆಲ್ಲ ಸಾಹಿತಿಗಳ ಮಕ್ಕಳೇನಲ್ಲ. ಹೆತ್ತವರನ್ನು ದೂರವಿಡದೆ, ಅವರಿಗೆ ತೀರ್ಪುಗಾರರ ಕುರ್ಚಿಯ ಬದಲು ಸಾಕ್ಷಿಯ ಜಾಗ ಕೊಟ್ಟದ್ದು ಈ ಮದುವೆಯ ಸೊಗಸು.

ಬದಲಾದ ಪ್ರಶ್ನೆ

ಈಚೆಗೆ ಭದ್ರಾವತಿಯ ಹಳೆಯ ಉತ್ತರವೇ ಕೈಕೊಟ್ಟಿದೆ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ 2015-16ರ ಸುಮಾರಿಗೆ ನಿಂತಿತು. ಕನ್ನಡ ಪತ್ರಿಕೆಗಳು ಅಚ್ಚಾಗುತ್ತಿದ್ದ ಕಾಗದ, ‘ವರ ಬೇಕಾಗಿದೆ’ ಎಂಬ ಜಾಹೀರಾತುಗಳನ್ನೂ ಹೊತ್ತು ಮನೆಮನೆಗೆ ಹೋದ ಕಾಗದ, ಇಲ್ಲಿ ತಯಾರಾಗುತ್ತಿತ್ತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆ ಮೇಲೆ ಕೆಲವು ವಿಭಾಗಗಳು ಮತ್ತೆ ಚಾಲೂ ಆದದ್ದುಂಟು. ಆದರೆ ‘ಪರ್ಮನೆಂಟು’ ಎಂಬ ಶಬ್ದಕ್ಕೆ ಇದ್ದ ತೂಕ ಮರಳಲಿಲ್ಲ. ಅದೇ 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಹುಡುಗರು ಬೆಂಗಳೂರಿಗೆ, ಅದರಾಚೆಗೆ ಹೊರಟರು. ತಂದೆಯ ಸೈಕಲ್ಲು ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದ ದಾರಿಯಲ್ಲಿ ಮಗನಿಗೆ ಕೆಲಸವಿಲ್ಲ.

ಇನ್ನೊಂದು ಬದಲಾವಣೆ ಅಷ್ಟು ಸದ್ದು ಮಾಡಲಿಲ್ಲ. ಅದೇ ಬಿ.ಎಚ್. ರಸ್ತೆಯ ಮಾಚೇನಹಳ್ಳಿ ಬದಿಯ ಸಿದ್ಧ ಉಡುಪು ಕಾರ್ಖಾನೆಗೆ ಬೆಳಿಗ್ಗೆ ಬಸ್ಸು ಬಸ್ಸು ತುಂಬಾ ಹೆಣ್ಣುಮಕ್ಕಳು ಹೋಗುತ್ತಾರೆ. ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲೂ ಅವರೇ. ಸಂಬಳ ಮಗಳ ಕೈಗೆ ಬಂದ ಮನೆಯಲ್ಲಿ ‘ಹುಡುಗ ಏನು ಮಾಡಿಕೊಂಡಿದ್ದಾನೆ?’ ಎಂಬ ಪ್ರಶ್ನೆಯೊಂದೇ ಸಾಲುವುದಿಲ್ಲ. ಮದುವೆಯ ನಂತರ ಅವಳ ಕೆಲಸ ಮುಂದುವರಿಯುತ್ತದೆಯೇ? ಅಡುಗೆಮನೆಯಲ್ಲಿ ಅವನ ಪಾಲೆಷ್ಟು? ಅವಳ ಹೆತ್ತವರಿಗೆ ವಯಸ್ಸಾದಾಗ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳನ್ನು ಮೊದಲು ಕೇಳಬೇಕಾದವಳು ಅವಳೇ, ಕೇಳುತ್ತಿದ್ದಾಳೆ ಕೂಡ.

ಹೆತ್ತವರ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಾಕಿದ ಮಗಳು ಗೊತ್ತಿಲ್ಲದ ಮನೆಗೆ ಹೋಗುತ್ತಾಳೆ ಎಂಬ ಅಳುಕು ಜಾತಿಯ ಹಟಕ್ಕಿಂತ ಬೇರೆಯದು, ಎರಡೂ ಒಂದೇ ನಾಲಿಗೆಯಿಂದ ಹೊರಬಂದರೂ ಸಹ. ಅಳುಕಿಗೆ ಉತ್ತರ ಕೊಡಬಹುದು. ಅದಕ್ಕಾಗಿಯೇ ಬಸ್ಸು ಹತ್ತಿ ಹೋಗಬೇಕು, ಕೂತು ಮಾತಾಡಬೇಕು, ಒಮ್ಮೆ ಆಗದಿದ್ದರೆ ಇನ್ನೊಮ್ಮೆ ಹೋಗಬೇಕು. ಹಟಕ್ಕೆ ಉತ್ತರವಿಲ್ಲ; ಅಲ್ಲಿ ಕಾಯಿದೆಯ ಆಸರೆ ಬೇಕು. ಯಾವುದು ಅಳುಕು, ಯಾವುದು ಹಟ ಎಂದು ಗುರುತಿಸಬಲ್ಲವಳು ಆ ಮನೆಯಲ್ಲೇ ಬೆಳೆದ ಮಗಳು.

ಶಿವಮೊಗ್ಗದಿಂದ ಹದಿನೈದು ಕಿಲೋಮೀಟರಿನಷ್ಟು ದೂರದ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವೆ. ಹೊಸದಾಗಿ ಮದುವೆಯಾದವರು ಸಂಗಮೇಶ್ವರನಿಗೆ ಕೈಮುಗಿದು ಮೆಟ್ಟಿಲ ಮೇಲೆ ಕೂತು ಹೋಗುವುದುಂಟು. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಎರಡೂ ಕಡೆಯ ಹಿರಿಯರು ಬುತ್ತಿ ಬಿಚ್ಚುತ್ತಿದ್ದರೆ ಆ ನೋಟವೇ ಚೆಂದ. ಆ ಚೆಂದಕ್ಕಾಗಿ ಹೆತ್ತವರನ್ನು ಕೇಳಬೇಕು. ಆದರೆ ಕೇಳುವ ಸರದಿ ತಪ್ಪಬಾರದು.

ಕನ್ನಡದ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಬಂದವರ ಮಾತು ಮುಗಿದ ಮೇಲೆ, ಕಾಫಿಯ ಲೋಟ ಕೆಳಗಿಟ್ಟು, ಒಳಗಿನ ಬಾಗಿಲ ಕಡೆಗೆ ತಿರುಗಿ ‘ನೀನೇನಂತೀಯಮ್ಮ?’ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರುವ ತಂದೆಯರು ಈ ಎರಡೂ ಊರುಗಳಲ್ಲಿ ಇದ್ದಾರೆ. ಅಂಥ ಮನೆಗಳಲ್ಲಿ ಹೆಣ್ಣು ಕೇಳುವ ಶಾಸ್ತ್ರ ನಿಜವಾಗಿ ನಡೆಯುತ್ತದೆ.